ತ್ರಪ್ ಮಹಾಶಯನ ಏಕಪಂಕ್ತಿ ಗಾನವಿಜಯ

ಪಿಟೀಲುಗಳ ಕೊಯ್ತಕ್ಕೆ ಅಷ್ಟದಿಕ್ಕುಗಳೂ ಕಿವುಡಾಗಿದ್ದ, ಕಾರಣವಿರಲಿ ಬಿಡಲಿ ಮನುಷ್ಯರು ಮೆಟ್ಟಿಲ ಮೇಲೆ ನಿಂತು ಹಾಡತೊಡಗುತ್ತಿದ್ದ ಆ ಸಂಗೀತಚಿತ್ರಯುಗವನ್ನು ಮೊದಲು ನೆನೆಯುತ್ತೇನೆ. ಆ ಯುಗದಲ್ಲಿ ಲಂಡನ್ನಿನ ಹೊರವಲಯದ ಸ್ಟುಡಿಯೋ ಒಂದರಲ್ಲಿ ಮೆರೆದ ದ್ವಾರೋದ್ಘಾಟನಧುರಂಧರ, ರಜತಪಾತ್ರಧಾರಿ, ಅರ್ಧನಮನಕೋವಿದ, ಖಲ್ವಾಟಶಿರೋಮಣಿ ಬಾರ್ನಬಿ ತ್ರಪ್ ಮಹಾಶಯನ ಪಾದಗಳಿಗೆ, ಅಂದರೆ ಅವನ ಪಾಲಿಶ್ ಹಾಕಿದ ಕರಿ ಬೂಟುಗಳಿಗೆ, ಅಡ್ಡಬೀಳುತ್ತೇನೆ. ವಾಗ್ದೇವಿಯೇ, ನನ್ನ ನಾಲಗೆಯ ಮೇಲೆ ಸ್ವಲ್ಪ ಹೊತ್ತು ಕೂತಿರು ತಾಯಿ. ಈ ಕತೆಯಲ್ಲಿ ನಿನಗೆ ಅಂಥಾ ಕೆಲಸವೇನೂ ಇಲ್ಲ.

ಆ ಮಹಾನಟನು ಹತ್ತೊಂಬತ್ತು ಸಂಗೀತಚಿತ್ರಗಳಲ್ಲಿ ಹತ್ತೊಂಬತ್ತು ಶ್ರೀಮಂತರ ಮನೆಗಳ ಬಟ್ಲರನಾಗಿ ಅವತರಿಸಿ, ಬಾಗಿಲು ತೆರೆದು, ಬಾಗಿ, ಬಾಗಿಲು ಮುಚ್ಚಿ, ಒಂದಕ್ಷರವನ್ನೂ ಹಾಡದೆ ಸಂಗೀತಲೋಕದಲ್ಲಿ ಅಚ್ಚಳಿಯದ ಹೆಸರು ಗಳಿಸಿದ್ದನು. ನಾಯಕ ಹಾಡಿದ, ನಾಯಕಿ ಹಾಡಿದಳು, ಅಂಚೆಯವನು ಹಾಡಿದ. ಒಂದು ಚಿತ್ರದಲ್ಲಂತೂ ನಾಯಿಗೂ ಒಂದು ಪಲ್ಲವಿ ಕೊಟ್ಟಿದ್ದರು. ತ್ರಪ್ಪನಿಗೆ ಮಾತ್ರ ಬಾಗಿಲು. ಇತ್ತ ಅವನ ಧರ್ಮಪತ್ನಿ ವಿನಿಫ್ರೆಡ್ ಇದ್ದಳಲ್ಲ, ಹರೆಯದಲ್ಲಿ ಚರ್ಚಿನ ಮೇಳದಲ್ಲಿ ಅವನ ಕಂಠ ಕೇಳಿಯೇ ಅವನನ್ನು ವರಿಸಿದವಳು. ಹತ್ತೊಂಬತ್ತು ಸಲವೂ ಟಿಕೆಟ್ಟು ಕೊಂಡು ನೋಡಿ ಬಂದು, ಕೋಟು ನೇತುಹಾಕುತ್ತಾ, "ಈ ಸಲವೂ ಇಲ್ವಾ, ಬಾರ್ನಬಿ?" ಎಂದು ಮೆಲ್ಲಗೆ ಕೇಳುತ್ತಿದ್ದಳು. ಅವನು ಕೂತು ಬೂಟುಗಳಿಗೆ ಇನ್ನೊಮ್ಮೆ ಪಾಲಿಶ್ ಹಾಕತೊಡಗುತ್ತಿದ್ದನು.

ಇಪ್ಪತ್ತನೆಯದೇ ಕೊನೆಯ ಚಿತ್ರ, ಅರುವತ್ನಾಲ್ಕಾಯಿತು, ಇನ್ನು ಮನೆಯಲ್ಲಿರಿ ಎಂದು ಸ್ಟುಡಿಯೋದವರು ಹೇಳಿಯಾಗಿತ್ತು. ಆಗ, ಎಲೈ ಕೇಳುಗರಿರಾ, ಕಥಾಲೇಖಕನ ಕೈತಪ್ಪಿನಿಂದಲೋ ದೈವಕೃಪೆಯಿಂದಲೋ ಬಟ್ಲರನ ಪಾಲಿಗೆ ಒಂದು ಸಾಲಿನ ಹಾಡು ಬಂದಿತು. ಆ ಮಹಾಕೃತಿಯ ಸಂಪೂರ್ಣ ಸಾಹಿತ್ಯ ಹೀಗಿದೆ: "ಟೀ ಸಿದ್ಧವಾಗಿದೆ, ದೊರೆಸಾನಿ."

ಸಂಗೀತ ನಿರ್ದೇಶಕ ಲಿಯೊಪೋಲ್ಡ್ ಗ್ರೈಸ್, ಕೈಯಲ್ಲೊಂದು ಕಡ್ಡಿ ಹಿಡಿದರೆ ಯಮನಿಗೂ ತಾಳ ಕಲಿಸುವವನು, ಮೂಗು ಮುರಿದನು. "ತ್ರಪ್ ಅವರೇ, ನೀವು ಬಾಯಿ ಆಡಿಸಿದರೆ ಸಾಕು. ಹಾಡೋದಕ್ಕೆ ಬೇರೆಯವರನ್ನ ಕರೆಸಿದೀನಿ."

ಆಗ ತ್ರಪ್ ಮಹಾಶಯನು ಕೈಯಲ್ಲಿದ್ದ ಬೆಳ್ಳಿ ತಟ್ಟೆಯನ್ನು ಎದೆಗೆ ಗುರಾಣಿಯಾಗಿ ಹಿಡಿದು ಗರ್ಜಿಸಿದನು: "ಎಲವೋ ಕಡ್ಡಿಪಾಣಿ! ಹತ್ತೊಂಬತ್ತು ಅರಮನೆಗಳ ಹೆಬ್ಬಾಗಿಲು ಈ ತೋಳುಗಳಿಗೆ ಮಣಿದಿವೆ. ನಾನು ತಗ್ಗಿಸಿದ ಬೆನ್ನಿನ ಮೇಲೆ ನಿಮ್ಮ ನಾಯಕರು ನಾಯಕರೆನಿಸಿದರು. ನಾಯಿಗೆ ದಕ್ಕಿದ ಸ್ವರ ನನಗೆ ದಕ್ಕದೇ? ಪರರ ಕಂಠಕ್ಕೆ ನನ್ನ ತುಟಿಯನ್ನು ಬಾಡಿಗೆಗೆ ಕೊಡೆನು. ನನ್ನ ಹೆಂಡತಿ ಕೇಳಬೇಕಾದದ್ದು ನನ್ನ ದನಿ!"

ಗ್ರೈಸ್ ಗಡಿಯಾರ ನೋಡಿಕೊಂಡನು. "ಸರಿ ಮಾರಾಯ್ರೆ. ಒಂದೇ ಟೇಕ್. ಕೆಟ್ಟರೆ ನನ್ನ ದಾರಿ."

ಮೂರು ವಾರ ಅಭ್ಯಾಸ ನಡೆಯಿತು. ಟೀ ಎಂಬ ಏಕಾಕ್ಷರದ ಮೇಲೆಯೇ ಎಂಟು ದಿನ ತಪಸ್ಸು ಮಾಡಿದ. ಪಕ್ಕದ ಮನೆಯವರು ನಿಜವಾಗಿಯೂ ಟೀ ತಂದುಕೊಟ್ಟು ಹೋದರೆಂದು ಪ್ರತೀತಿ. ವಿನಿಫ್ರೆಡ್ ಮಾತ್ರ ಅಭ್ಯಾಸ ಕೇಳಲು ಒಪ್ಪದೆ, ಕೇಳಿದರೆ ಥಿಯೇಟರಿನಲ್ಲೇ ಕೇಳುತ್ತೇನೆಂದು ಹಟ ಹಿಡಿದು ತಂಗಿಯ ಮನೆಗೆ ಹೋಗಿ ಕೂತಳು.

ಸಮರದಿನ ಬಂದಿತು. ದೀಪಗಳು ಧಗಧಗಿಸಿದವು, ಇಪ್ಪತ್ತೆಂಟು ಪಿಟೀಲುಗಳು ಏಕಕಾಲದಲ್ಲಿ ಹೂಂಕರಿಸಿದವು. ಪಿಯಾನೋ ಪಕ್ಕದಲ್ಲಿ ನಾಯಕಿ, ಅವಳ ತಲೆಯ ಮೇಲೆ ತೂಗುವ ಮೈಕು. ಕೃಷ್ಣಕಂಚುಕಪರಿವೃತನಾದ ತ್ರಪ್ಪನು ಬಾಗಿಲು ತೆರೆದು, ತಟ್ಟೆ ಹಿಡಿದು, ಎದೆಯ ತುಂಬ ಉಸಿರು ತುಂಬಿಕೊಂಡು ತನ್ನ ತಾಳಕ್ಕಾಗಿ ಕಾದು ನಿಂತನು. ಆಗ ನಾಯಕಿ, ಹಾಡಿನ ಗುಂಗಿನಲ್ಲಿ, ಅವನತ್ತ ತಿರುಗಿ ಸುಮ್ಮನೆ ತಲೆಯಾಡಿಸಿಬಿಟ್ಟಳು.

ಬಟ್ಲರ್ ವಿದ್ಯೆಯಲ್ಲಿ ಒಂದು ನಿಯಮವುಂಟು. ಯಜಮಾನಿ ತಲೆಯಾಡಿಸಿದಳೋ, ಇನ್ನು ನೀನು ಹೊರಡಬಹುದು ಎಂದರ್ಥ. ಬಾಗಬೇಕು, ಬೆನ್ನು ತೋರದೆ ಮೂರು ಹೆಜ್ಜೆ ಹಿಂದೆ ಸರಿಯಬೇಕು, ಬಾಗಿಲೆಳೆದುಕೊಳ್ಳಬೇಕು, ಮತ್ತೆ ಗಂಟೆ ಬಾರಿಸುವ ತನಕ ಒಳಗೆ ಕಾಲಿಡಕೂಡದು. ಹತ್ತೊಂಬತ್ತು ಚಿತ್ರಗಳ ಅಭ್ಯಾಸಬಲವು ಮೂರು ವಾರದ ತಪಸ್ಸನ್ನು ಕತ್ತು ಹಿಡಿದು ಹೊರದಬ್ಬಿತು. ವೀರನು ಬಾಗಿದನು. ಮೂರು ಹೆಜ್ಜೆ ಸರಿದನು. ಬಾಗಿಲು ಮುಚ್ಚಿಕೊಂಡಿತು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ಗಾದೆಯಿದೆ. ನಮ್ಮ ಶೂರ ಮೊದಲು ಬಾಗಿಲು ಹಾಕಿಕೊಂಡು ಆಮೇಲೆ ಊರು ಕೊಳ್ಳೆ ಹೊಡೆಯಲು ಹೊರಟನು. ತಾಳ ಬಂದಾಗ ಅವನಿದ್ದುದು ಆಚೆ ಬದಿಯಲ್ಲಿ, ಹಗ್ಗದ ಸುರುಳಿಗಳ ಮಧ್ಯೆ. ಮತ್ತೆ ಒಳನುಗ್ಗೋಣವೆಂದರೆ ಗಂಟೆಯಾಗಿಲ್ಲವಲ್ಲ. ಅಲ್ಲೇ ಕಣ್ಣು ಮುಚ್ಚಿ ಹಾಡಿದನು. ನಾನು ಅಣಕವಾಡುತ್ತಿಲ್ಲ, ನಿಜ ಹೇಳುತ್ತೇನೆ, ಬಹಳ ಚೆನ್ನಾಗಿ ಹಾಡಿದನು. ಬಾಗಿಲು ಮತ್ತು ಇಪ್ಪತ್ತೆಂಟು ಪಿಟೀಲುಗಳ ಈಚೆಗೆ ಒಂದು ಸ್ವರವೂ ದಾಟಲಿಲ್ಲ.

"ನನ್ನ ಹಾಡು?" ಎಂದು ಬಾಗಿಲ ಸಂದಿಯಿಂದ ತಲೆ ಹಾಕಿ ಕೇಳಿದಾಗ ಅವನ ಕಣ್ಣಲ್ಲಿ ನೀರಿತ್ತು.

ಗ್ರೈಸನ ಮುಖವೋ ಅರಳಿತ್ತು. "ಹಾಡು ಬಿಡಿ ತ್ರಪ್ ಅವರೇ, ಬಾಗಿಲು ತಾಳಕ್ಕೆ ಎಷ್ಟು ಸರಿಯಾಗಿ ಬಿತ್ತು ಅಂತೀರಾ! ಇದನ್ನೇ ಇಟ್ಕೊಳ್ಳೋಣ." ಬಾಡಿಗೆಯ ಗಾಯಕನನ್ನೂ ಮನೆಗೆ ಕಳಿಸಿದರು. ಪರರ ಕಂಠವು ಹೀಗೆ ಸಮೂಲವಾಗಿ ಪರಾಜಯಗೊಂಡಿತೆಂದು ಬಲ್ಲವರು ಹೇಳುತ್ತಾರೆ.

ಚಿತ್ರ ಬಿಡುಗಡೆಯಾಯಿತು. ತ್ರಪ್ಪನಿಗೆ ಹೆಂಡತಿಯ ಬಳಿ ಬಾಯಿ ಬಿಡಲು ಧೈರ್ಯ ಸಾಲಲಿಲ್ಲ. ಬುಧವಾರದ ಮ್ಯಾಟಿನಿಗೆ ಇಬ್ಬರೂ ಹೋದರು. ಅವಳು ಹೊಸ ಟೋಪಿ ಹಾಕಿಕೊಂಡು ಬಂದಿದ್ದಳು. ಪರದೆಯ ಮೇಲೆ ಬಾಗಿಲು ತೆರೆಯಿತು. ಬಟ್ಲರ್ ಬಾಗಿದ. ಬಾಗಿಲು ಮುಚ್ಚಿತು. ವಿನಿಫ್ರೆಡ್ ಕತ್ತು ಮುಂದೆ ಚಾಚಿ ಇನ್ನೂ ಕಾಯುತ್ತಲೇ ಇದ್ದಳು.

ಅದನ್ನು ನೋಡಲಾರದೆ ಆ ಗಾನಗಂಧರ್ವನು, ಜೀವಮಾನದ ಧೈರ್ಯವನ್ನೆಲ್ಲ ಗಂಟಲಿಗೆ ತಂದುಕೊಂಡು, ಅವಳ ಕಿವಿಗೆ ಬಾಗಿ, ಕತ್ತಲಲ್ಲಿ ಆ ಸಾಲನ್ನು ಪೂರ್ತಿಯಾಗಿ ಹಾಡಿದನು.

ವಿನಿಫ್ರೆಡ್ ಪರದೆಯಿಂದ ಕಣ್ಣು ತೆಗೆಯದೆ ಅವನ ಮೊಣಕೈ ತಟ್ಟಿದಳು.

"ಶ್ಶ್, ಬಾರ್ನಬಿ, ಸುಮ್ನಿರು. ಈಗ ನಿನ್ನ ಹಾಡು ಬರುತ್ತೆ."