ಗೋಣೆಪ್ಪನ ಪಟ್ಟಿ ಹಿಡಿದವರು

ಅಮಲ್ದಾರರ ಮನೆಯ ಹೊಲಿಗೆ ಯಂತ್ರ ಶನಿವಾರ ಸಂಜೆ ಕೆಟ್ಟು ನಿಂತಿತು. ಆ ಸುದ್ದಿ ಕೇಳಿ ಮನಸಾರೆ ಸಂತೋಷಪಟ್ಟ ಮನುಷ್ಯ ಇಡೀ ಚನ್ನಗಿರಿಯಲ್ಲಿ ಒಬ್ಬನೇ: ತಾಲ್ಲೂಕು ಕಚೇರಿಯ ಎರಡನೇ ಗುಮಾಸ್ತ ಗೋಣೆಪ್ಪ.

ಹಾಗೆಂದು ಗೋಣೆಪ್ಪ ಕೆಟ್ಟವನೇನಲ್ಲ. ಅವನಿಗೆ ಜಗಳೂರಿಗೆ ವರ್ಗವಾಗಿತ್ತು, ಅಷ್ಟೆ. ಇನ್ನು ಹದಿನೈದು ದಿನಕ್ಕೆ ಗಂಟುಮೂಟೆ ಕಟ್ಟಬೇಕು. ಹೆಂಡತಿ ಸಾವಂತ್ರಮ್ಮನ ತವರು ಸಂತೇಬೆನ್ನೂರು. ಚನ್ನಗಿರಿಯಲ್ಲಿದ್ದರೆ ಬೇಕೆಂದಾಗ ಹೋಗಿ ಬರಬಹುದು. "ಜಗಳೂರಿಗೆ ನಾನು ಬರಾದಿಲ್ಲ. ನೀವೂ ನಿಮ್ಮ ಬೈರಿಗೇನೂ ಹೋಗ್ರಿ. ನಾನು ಅವ್ವನ ಮನೇಲಿರ್ತೀನಿ," ಎಂದು ಆಕೆ ಖಡಾಖಂಡಿತವಾಗಿ ಹೇಳಿದ್ದಳು. ಆಕೆಯಿಲ್ಲದ ಮನೆಯನ್ನು ನೆನೆಯಲೂ ಗೋಣೆಪ್ಪನಿಂದ ಆಗುತ್ತಿರಲಿಲ್ಲ.

ಬೈರಿಗೆ ಎಂದರೆ ಬಡಗಿಯದಲ್ಲ. ಪಕ್ಕದ ಚಕ್ರ ತಿರುಗಿಸಿದರೆ ಕಬ್ಬಿಣವನ್ನೂ ಕೊರೆಯುವ ವಿಲಾಯತಿ ಬೈರಿಗೆ. ದಾವಣಗೆರೆಯಲ್ಲಿ ರೈಲ್ವೆ ಕೆಲಸ ಬಿಟ್ಟು ಹೊರಟಿದ್ದ ಮಿಸ್ತ್ರಿಯೊಬ್ಬನಿಂದ ಕೊಂಡದ್ದು. ಆರು ತಿಂಗಳಿಂದ ಗೋಣೆಪ್ಪ ಕಚೇರಿ ಬಿಟ್ಟೊಡನೆ ಓಡಿಬಂದು, ತೂತು ಬೇಕಾದ ಮತ್ತು ಬೇಡವಾದ ಮರದ ಸಾಮಾನನ್ನೆಲ್ಲ ಕೊರೆದಿದ್ದ. ಕಬ್ಬಿಣಕ್ಕೆ ಮಾತ್ರ ಇನ್ನೂ ಕೈ ಹಾಕಿರಲಿಲ್ಲ.

ಯಂತ್ರದಲ್ಲಿ ಕೆಟ್ಟದ್ದು ದೊಡ್ಡ ಭಾಗವೇನಲ್ಲ. ಕಾಲಲ್ಲಿ ತುಳಿಯುವ ಹಲಗೆಯನ್ನು ಚಕ್ರಕ್ಕೆ ಜೋಡಿಸುವ ಗೇಣುದ್ದದ ಕಬ್ಬಿಣದ ಪಟ್ಟಿ ಮುರಿದಿತ್ತು. ಯುದ್ಧದ ಕಾಲ, ಹೊಸ ಪಟ್ಟಿ ಬೆಂಗಳೂರಿನಲ್ಲೂ ಸಿಗದು. ಕಮ್ಮಾರ ಗಾದ್ರಪ್ಪ ಗಾಡಿ ಚಕ್ರಗಳ ಕೆಲಸಕ್ಕೆಂದು ಉಬ್ರಾಣಿಗೆ ಹೋಗಿದ್ದ. ಗಾಯಗೊಂಡ ಸಿಪಾಯಿಗಳಿಗೆಂದು ಅಮಲ್ದಾರರ ಹೆಂಡತಿ ಹೊಲಿಯುತ್ತಿದ್ದ ಐವತ್ತು ಅಂಗಿಗಳಲ್ಲಿ ಹನ್ನೆರಡಕ್ಕೆ ಇನ್ನೂ ತೋಳೇ ಇರಲಿಲ್ಲ.

"ನಾನು ಮಾಡಿಕೊಡ್ತೀನಿ ಸ್ವಾಮಿ. ಒಂದು ಪಟ್ಟಿ, ಎರಡು ತೂತು. ಅಷ್ಟೇ ತಾನೆ?" ಎಂದ ಗೋಣೆಪ್ಪ. ವರ್ಗ ತಪ್ಪಿಸಿಕೊಳ್ಳಲು ಇದೇ ಸಮಯವೆಂದು ಅವನಿಗೆ ಹೊಳೆದಿತ್ತು.

ಅಮಲ್ದಾರರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ನಾಳೆ ಸಂಜೆ ಐದಕ್ಕೆ ಯಂತ್ರ ತಿರುಗಿಬಿಟ್ಟರೆ, ನಿನ್ನ ವರ್ಗದ ವಿಷಯ ನಾನೇ ಖುದ್ದಾಗಿ ಕಾಗದ ಬರೀತೀನಿ ಕಣಯ್ಯ!"

ಭಾನುವಾರ ಬೆಳಕು ಹರಿಯುವ ಮುಂಚೆಯೇ ಗೋಣೆಪ್ಪ ಎದ್ದು ಕೂತಿದ್ದ. ಪಕ್ಕದ ಮಂಡಕ್ಕಿ ಅಂಗಡಿಯ ಪಾಪಣ್ಣ ಹಳೆಯ ಎಣ್ಣೆ ಪೀಪಾಯಿಗೆ ಸುತ್ತಿದ್ದ ಕಬ್ಬಿಣದ ಪಟ್ಟಾ ಕೊಟ್ಟ. ಅದನ್ನು ಕಡಿದರೆ ಮೂರು ಪಟ್ಟಿ ಆದವು. ಮಿಸ್ತ್ರಿ ಬೈರಿಗೆಯ ಜೊತೆಗೇ ಕೊಟ್ಟಿದ್ದ ಇಂಗ್ಲಿಷ್ ಪುಸ್ತಕವನ್ನು ಗೋಣೆಪ್ಪ ಭಕ್ತಿಯಿಂದ ತೆರೆದ. ಅದರ ಮೊದಲ ಹದಿನಾರು ಪುಟ ಯಾವ ಕಾಲಕ್ಕೋ ಹರಿದುಹೋಗಿದ್ದವು. ಹದಿನೇಳನೆಯ ಪುಟ ಶುರುವಾಗುವುದೇ ಹೀಗೆ: 'ಮೇಲೆ ಹೇಳಿದಂತೆ ವಸ್ತುವನ್ನು ಅಲುಗದಂತೆ ಹಿಡಿದ ಮೇಲೆ, ನಿರ್ಭಯವಾಗಿ ಕೊರೆಯಿರಿ.'

ಮೇಲೆ ಏನು ಹೇಳಿದ್ದರೋ ದೇವರಿಗೇ ಗೊತ್ತು. ಗೋಣೆಪ್ಪ ನಿರ್ಭಯದ ಭಾಗವನ್ನಷ್ಟೇ ತೆಗೆದುಕೊಂಡ.

ಮೊದಲು ಬೈರಿಗೆಯ ಮೊನೆ ಒಂದು ಕಡೆ ನಿಲ್ಲದೆ ಪಟ್ಟಿಯ ಮೇಲೆಲ್ಲ ಜಾರಿತು. ಪುಸ್ತಕದಲ್ಲಿ ಅದಕ್ಕೆ ಮದ್ದು ಇತ್ತು: ತೂತು ಬೇಕಾದ ಕಡೆ ಗಟ್ಟಿ ಮೊಳೆ ಇಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿ, ಪುಟ್ಟ ಗುಳಿ ಮಾಡಬೇಕು. ಗೋಣೆಪ್ಪ ಮಾಡಿದ. ಮೊನೆ ಗುಳಿಯಲ್ಲಿ ಅಚ್ಚುಕಟ್ಟಾಗಿ ಕೂತಿತು. ಈಗ ತಿರುಗಿದ್ದು ಪಟ್ಟಿಯೇ.

"ಯಾರಾದ್ರೂ ಒಂದು ಚೂರು ಗಟ್ಟಿಯಾಗಿ ಹಿಡಕೊಂಡ್ರೆ..." ಎಂದು ಅವನು ಗೊಣಗಿದ್ದೇ ತಡ, ಎದುರು ಮನೆಯ ಚಿಕ್ಕಹನುಮಂತಪ್ಪ ಜಗಲಿ ಇಳಿದು ಬಂದರು. ಪೊಲೀಸು ದಫೇದಾರರಾಗಿ ನಿವೃತ್ತರಾದವರು. ಮೀಸೆಗೆ ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ.

"ಆಚೆ ಸರಿಯೋ ಗೋಣೆಪ್ಪ. ಮೂವತ್ತು ವರ್ಷ ಕಳ್ಳರ್ನ ಹಿಡಿದ ಕೈ ಇದು. ಒಂದು ಪಟ್ಟಿ ಹಿಡಿಯಾಕೆ ಆಗಲ್ವಾ?"

ಅವರು ಪಟ್ಟಿಯ ಎರಡೂ ತುದಿ ಹಿಡಿದು ಕಟ್ಟೆಯ ಮೇಲೆ ಒತ್ತಿ ಕೂತರು. ಗೋಣೆಪ್ಪ ಚಕ್ರ ತಿರುಗಿಸಿದ. ಸಣ್ಣ ಸುರುಳಿಗಳು ಎದ್ದು ಬಿಸಿಲಿಗೆ ಮಿನುಗಿದವು. ಅದನ್ನು ಕಂಡು ಅವನಿಗೆ ಕುಣಿಯುವಷ್ಟು ಆನಂದವಾಗಿ ಇನ್ನಷ್ಟು ಜೋರಾಗಿ ತಿರುಗಿಸಿದ. ಮೊನೆ ಆಚೆ ಬದಿಗೆ ಹೊರಬೀಳುವ ಹೊತ್ತಿಗೆ ಕಬ್ಬಿಣಕ್ಕೆ ಕಚ್ಚಿಕೊಂಡಿತು. ಪಟ್ಟಿ ದಫೇದಾರರ ಕೈಯಿಂದ ಕಿತ್ತುಕೊಂಡು ಗಿರ್ರೆಂದು ತಿರುಗಿ, ಅವರ ರುಮಾಲನ್ನು ಹಾರಿಸಿ, ಮೂಗಿಗೆ ಒಂದು ಬಿಗಿದು, ಸೊಟ್ಟಗಾಗಿ ಬಿತ್ತು.

"ಇಂಥ ಕಳ್ಳನ್ನ ನನ್ನ ಸರ್ವೀಸಿನಲ್ಲೇ ಕಂಡಿಲ್ಲ!" ಎಂದು ದಫೇದಾರರು ಮೂಗು ಹಿಡಿದುಕೊಂಡರು.

ಆಗ ಪಾಪಣ್ಣ ಮುಂದೆ ಬಂದ. ಅವನ ದೇಹ ಎರಡು ಮೂಟೆ ಮಂಡಕ್ಕಿಯಷ್ಟು ಅಗಲ, ತೂಕ ಮಾತ್ರ ಅಕ್ಕಿಯದು. "ಕೈಯಲ್ಲಿ ಹಿಡಿಯೋ ಕೆಲಸ ಅಲ್ಲ ಇದು. ಬಾಗಿಲ ಸಂದಿಗೆ ಸಿಗಿಸು. ನಾನು ಹೊರಗಡೆಯಿಂದ ಬೆನ್ನು ಕೊಟ್ಟು ಕೂರ್ತೀನಿ. ಹೆಂಗೆ ಅಲ್ಲಾಡ್ತೈತೋ ನೋಡೇ ಬಿಡಾನ!"

ಉಪಾಯ ಎಲ್ಲರಿಗೂ ಹಿಡಿಸಿತು. ಎರಡನೆಯ ಪಟ್ಟಿಯನ್ನು ಹೊರಕ್ಕೆ ತೆರೆಯುವ ಬೀದಿ ಬಾಗಿಲಿಗೂ ಹೊಸ್ತಿಲಿಗೂ ನಡುವೆ ಸಿಕ್ಕಿಸಿದರು. ಹೊರಗೆ ಪಾಪಣ್ಣ ಬಾಗಿಲಿಗೆ ಒರಗಿ ಕೂತ. ಒಳಗೆ ಗೋಣೆಪ್ಪ ಬೈರಿಗೆಗೆ ಎದೆಗೊಟ್ಟು, ಮೈಭಾರವನ್ನೆಲ್ಲ ಬಿಟ್ಟು ತಿರುಗಿಸತೊಡಗಿದ. ಪಟ್ಟಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಅರ್ಧ ತೂತಾಯಿತು, ಮುಕ್ಕಾಲಾಯಿತು. ಗೋಣೆಪ್ಪ ಖುಷಿಯಿಂದ "ಭೇಷ್ ಪಾಪಣ್ಣ!" ಎಂದು ಕೂಗಿದ.

ಅಷ್ಟರಲ್ಲಿ ಬೀದಿಯಲ್ಲಿ ಮಜ್ಜಿಗೆ ಮಾರುವ ದುರುಗಮ್ಮ ಗಡಿಗೆ ಹೊತ್ತು ಬಂದಳು. ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ಪಾಪಣ್ಣ, "ಒಂದು ಲೋಟ ಹಾಕಬೇ," ಎಂದು ಎದ್ದು ನಿಂತ.

ಬಾಗಿಲು ದಡಾರನೆ ತೆರೆದುಕೊಂಡಿತು. ಬೈರಿಗೆ, ಪಟ್ಟಿ, ಗುಮಾಸ್ತ ಎಲ್ಲವೂ ಒಟ್ಟಿಗೆ ಬೀದಿಗೆ ಬಂದು ದುರುಗಮ್ಮನ ಕಾಲಬುಡದಲ್ಲಿ ಬಿದ್ದವು. ಗಡಿಗೆ ಆಮೇಲೆ ಗುಮಾಸ್ತನ ತಲೆಯ ಮೇಲೆ ಬಿತ್ತು. ದುರುಗಮ್ಮನ ಬಾಯಿಂದ ಬಂದ ಮಾತುಗಳನ್ನು ದಫೇದಾರರು ಕೂಡ ಎಂದೂ ಕೇಳಿರಲಿಲ್ಲ. ಪಟ್ಟಿಯಂತೂ ಕೊಡೆಯ ಹಿಡಿಯಂತೆ ಬಾಗಿತ್ತು.

ಗಂಟೆ ಮೂರು. ಉಳಿದದ್ದು ಒಂದೇ ಪಟ್ಟಿ. ಗೋಣೆಪ್ಪ ಮಜ್ಜಿಗೆ ಸುರಿಯುವ ತಲೆಯಲ್ಲಿ ಪಡಸಾಲೆಯಲ್ಲಿ ಕೂತ. ಕಣ್ಣಲ್ಲಿ ನೀರು ಬಂದಿತ್ತು. ಮಜ್ಜಿಗೆಯ ದೆಸೆಯಿಂದ ಅದು ಯಾರಿಗೂ ಗೊತ್ತಾಗಲಿಲ್ಲ. ಸಾವಂತ್ರಮ್ಮನಿಗೆ ಮಾತ್ರ ಗೊತ್ತಾಯಿತು. ಆಕೆ ಈಳಿಗೆ ಮಣೆಯ ಮೇಲೆ ಕೂತು ಬದನೆಕಾಯಿ ಹೆಚ್ಚುತ್ತಿದ್ದವಳು ಎದ್ದು ಬಂದಳು.

"ಅಲ್ರೀ, ಕಬ್ಬಿಣಾನ ಯಾಕೆ ಮನುಷ್ಯರ ಕೈಗೆ ಕೊಡ್ತೀರಿ? ಮನುಷ್ಯರು ಮಾತಾಡ್ತಾರೆ, ಕೆಮ್ತಾರೆ, ಮಜ್ಜಿಗೆ ಕುಡಿಯಾಕೆ ಎದ್ದು ಹೋಗ್ತಾರೆ. ಈಳಿಗೆ ಮಣೇನ ನಾನು ಯಾರಿಗಾದ್ರೂ ಹಿಡಕೊಳ್ಳಾಕೆ ಕೊಡ್ತೀನಾ? ಅದರ ಮೇಲೆ ಕಾಲಿಟ್ಟು ಕೂರ್ತೀನಿ. ಎರಡೂ ಕೈ ನಂದೇ."

ಗೋಣೆಪ್ಪ ಉಳಿದ ಪಟ್ಟಿ ತಂದು ಆಕೆಯ ಮುಂದಿಟ್ಟ.

"ಒಂದು ಹಲಗೆ ಮೇಲೆ ಪಟ್ಟಿ ಇಡ್ರಿ. ಆ ಕಡೆ ಎರಡು ಮೊಳೆ, ಈ ಕಡೆ ಎರಡು ಮೊಳೆ ಹೊಡೀರಿ. ಸಂದಿಗೆ ಒಂದು ಬೆಣೆ ಬಡೀರಿ. ಎಲ್ಲಿಗೆ ತಿರುಗ್ತೈತೆ ಅದು?"

ಊಟಕ್ಕೆ ಕೂರುವ ಮಣೆಯನ್ನೇ ಆಕೆ ತಂದುಕೊಟ್ಟಳು. ಮೊಳೆ ಹೊಡೆದರು, ಬೆಣೆ ಬಡಿದರು. ಗೋಣೆಪ್ಪ ಮಣೆಯ ಮೇಲೆ ಕಾಲೂರಿ ಜಗ್ಗಿ ನೋಡಿದ: ಪಟ್ಟಿ ಮಿಸುಕಲಿಲ್ಲ. ಗುಳಿಗೆ ಎರಡು ಹನಿ ಹರಳೆಣ್ಣೆ ಬಿಟ್ಟು ಕೊರೆಯತೊಡಗಿದ. ಮೊನೆ ಹೊರಬೀಳುವ ಹೊತ್ತಿಗೆ ಸಾವಂತ್ರಮ್ಮ, "ಮೆಲ್ಲಗ್ರೀ, ಕೊನೆಗೇ ಅದು ಕಚ್ಚಾದು," ಎಂದಳು. ಅವನು ಭಾರ ತಗ್ಗಿಸಿದ. ಮೊನೆ ಪಟ್ಟಿ ದಾಟಿ ನಾಜೂಕಾಗಿ ಮಣೆಯ ಮರಕ್ಕೆ ಇಳಿಯಿತು. ಎರಡನೆಯ ತೂತೂ ಹಾಗೇ ಆಯಿತು.

ಗೋಣೆಪ್ಪ ಪಟ್ಟಿ ಎತ್ತಿ ತೂತಿನಲ್ಲಿ ಕಣ್ಣಿಟ್ಟ. ಆ ಕಡೆ ಸಾವಂತ್ರಮ್ಮನ ಕಣ್ಣು ನಗುತ್ತಿತ್ತು. ದಫೇದಾರರು ಊದಿದ ಮೂಗಿನಲ್ಲೇ ಜೈಕಾರ ಹಾಕಿದರು. ಪಾಪಣ್ಣ ಬೀದಿಗೆಲ್ಲ ಮಂಡಕ್ಕಿ ಹಂಚಿದ.

ಐದು ಗಂಟೆಗೆ ಅಮಲ್ದಾರರ ಮನೆಯಲ್ಲಿ ಯಂತ್ರ ಗರಗರ ತಿರುಗಿತು. ಅಮ್ಮನವರು ಒಂದು ತೋಳು ಹೊಲಿದು ಮುಗಿಸಿ, "ಹೊಸದಕ್ಕಿಂತ ಚೆನ್ನಾಗಿದೆ ಗೋಣೆಪ್ಪನೋರೆ! ಹೇಗೆ ಮಾಡಿದಿರಿ?" ಎಂದರು.

ಗೋಣೆಪ್ಪನಿಗೆ ಹೆಂಡತಿಯ ಹೆಸರು ಮುಚ್ಚಿಡಲು ಮನಸ್ಸಾಗಲಿಲ್ಲ. "ಕೊರೆದದ್ದು ನಾನು ತಾಯಿ. ಆದ್ರೆ ಹಿಡಿಯೋ ಬುದ್ಧಿಯೆಲ್ಲ ನಮ್ಮ ಸಾವಂತ್ರಿದು. ಅವಳಿಲ್ಲದೆ ಇದು ಆಗ್ತಿರಲಿಲ್ಲ," ಎಂದ.

ಅಮಲ್ದಾರರು ಮಾತಿಗೆ ತಪ್ಪುವವರಲ್ಲ. ಹೆಂಡತಿಯೊಡನೆ ಏನೋ ಪಿಸುಗುಟ್ಟಿ, ಕೂತಲ್ಲೇ ಕಾಗದ ಬರೆದು ಅವನ ಕೈಗಿತ್ತರು. "ಓದು ನೋಡಯ್ಯ. ನಿನ್ನ ಕೆಲಸ ಆದ ಹಾಗೇ!"

ಗೋಣೆಪ್ಪ ಓದಿದ. ಕಾಗದ ಮೇಲಿನ ಕಚೇರಿಗಲ್ಲ, ಜಗಳೂರಿನ ಅಮಲ್ದಾರರಿಗೆ. 'ನಿಮ್ಮ ಮನೆಯ ಹೊಲಿಗೆ ಯಂತ್ರವೂ ಪಟ್ಟಿ ಮುರಿದು ನಾಲ್ಕು ತಿಂಗಳಿಂದ ನಿಂತಿದೆಯೆಂದು ನಿಮ್ಮ ಮನೆಯವಳಾದ ನನ್ನ ನಾದಿನಿ ಬರೆದಿದ್ದಳು. ಇನ್ನು ಚಿಂತೆ ಬೇಡ. ನಿಮ್ಮಲ್ಲಿಗೆ ವರ್ಗವಾಗಿರುವ ಗೋಣೆಪ್ಪ ಇದರಲ್ಲಿ ಬಲು ನಿಪುಣ. ಇವನನ್ನು ಹದಿನೈದು ದಿನ ಇಟ್ಟುಕೊಳ್ಳದೆ ನಾಳೆ ಬೆಳಗಿನ ಬಸ್ಸಿಗೇ ಕಳಿಸುತ್ತಿದ್ದೇನೆ. ಹೆಂಡತಿಯಿಲ್ಲದೆ ಇವನ ಕೈ ನಡೆಯುವುದಿಲ್ಲವಂತೆ. ಆದ್ದರಿಂದ ಆಕೆಯನ್ನೂ ತಪ್ಪದೆ ಜೊತೆಗೆ ಕಳಿಸುತ್ತಿದ್ದೇನೆ.'

ಮನೆಯಲ್ಲಿ ಸಾವಂತ್ರಮ್ಮ ಹೋಳಿಗೆಗೆ ಕಣಕ ನಾದಿಟ್ಟು ಕಾಯುತ್ತಿದ್ದಳು. ಬೀದಿಯವರೆಲ್ಲ ಜಗಲಿಯಲ್ಲಿ ಸೇರಿದ್ದರು. ಗೋಣೆಪ್ಪ ಕಾಗದವನ್ನು ಒಮ್ಮೆ ಗಟ್ಟಿಯಾಗಿ ಓದಿದ.

ಸಾವಂತ್ರಮ್ಮ ಕಣಕದ ಕೈಯಲ್ಲೇ ಹಣೆ ಚಚ್ಚಿಕೊಂಡಳು. "ಕೊರೆದದ್ದು ನೀವು. ಒಬ್ಬರೇ ಮಾಡಿದೆ ಅಂದಿದ್ರೆ ಒಬ್ಬರೇ ಹೋಗ್ತಿದ್ರಿ. ನನ್ನ ಹೆಸರು ಹೇಳ್ರಿ ಅಂತ ನಿಮಗೆ ಯಾರು ಅಂದಿದ್ರು?"