ನಮ್ಮವರಿಗೆ ದಾರಿ ತೋರಿಸುವ ಹಳದಿ ಕಾರಿಗೆ

ಮಾನ್ಯ ಹಳದಿ ಕಾರಿನವರೇ,

ನೆತ್ತಿಯ ದೀಪ ಮಿನುಗಿಸುತ್ತ, ಬೆನ್ನಿಗೆ ‘ನನ್ನ ಹಿಂದೆ ಬನ್ನಿ’ ಎಂಬ ಫಲಕ ಹೊತ್ತು, ನಮ್ಮ ಮನೆಯ ಕಂಪ್ಯೂಟರಿನ ವಿಮಾನ ನಿಲ್ದಾಣದಲ್ಲಿ ಸದಾ ಸಂಚರಿಸುತ್ತಿರುವ ತಮಗೆ, ಅದೇ ಮನೆಯ ಅಡುಗೆಕೋಣೆಯಿಂದ ಅನಂತ ವಂದನೆಗಳು. ತಮ್ಮ ಹಿಂದೆ ಬರುವ ವಿಮಾನದ ಪೈಲಟ್ಟರ, ಅಂದರೆ ಊರಿನ ಭೂಮಿಯನ್ನೆಲ್ಲ ಅಳೆದು ನಿವೃತ್ತರಾದ ಸರ್ವೇಯರರ, ಧರ್ಮಪತ್ನಿ ನಾನು.

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ನಮ್ಮವರಿಗೆ ಹಳೆಯದು. ಇಳಿದ ವಿಮಾನವನ್ನು ಅದರ ಜಾಗಕ್ಕೆ ಕರೆದೊಯ್ಯಲೆಂದು ತಮ್ಮನ್ನು ಬೇರೆಯಾಗಿ ತರಿಸಿ ಜೋಡಿಸಿಕೊಂಡದ್ದು ಮಾತ್ರ ಈಚೆಗೆ. ಅಂದಿನಿಂದ ಅವರ ವಿನಯ ನೋಡಲು ಎರಡು ಕಣ್ಣು ಸಾಲದು. ನನಗಂತೂ ಇರುವ ಎರಡರಲ್ಲಿ ಒಂದಕ್ಕೆ ಪೊರೆ ಬಂದಿದೆ. ತಾವು ಎಡಕ್ಕೆ ಹೊರಳಿದರೆ ಎಡಕ್ಕೆ, ನಿಂತರೆ ನಿಂತಲ್ಲೇ, ಮೇಲಾಗಿ “ಬಂದೆ ತಡಿಯಪ್ಪ, ನಿನ್ನ ಹಿಂದೇನೇ ಇದೀನಿ” ಎಂಬ ಬೆಣ್ಣೆಯಂಥ ಮಾತು.

ಇದೇ ಮಹಾನುಭಾವರು ನೆಲದ ಮೇಲಿನ ಕಾರು ಓಡಿಸುವಾಗ ದಾರಿ ಕೇಳುವುದನ್ನು ಮಾನಹಾನಿ ಎಂದು ತಿಳಿದವರು. ಹೋದ ತಿಂಗಳು ನನ್ನ ಕಣ್ಣಿನ ಆಪರೇಷನ್ನಿಗೆ ಹೊರಟಾಗ, ಸೇತುವೆಯ ಬಳಿ ಬಲಕ್ಕೆ ಎಂದೆ. “ನಂಗೊತ್ತು, ಸುಮ್ನಿರು” ಎಂದರು. ಅವರಿಗೆ ಗೊತ್ತಿದ್ದ ದಾರಿ ಸಿಮೆಂಟ್ ಗೋದಾಮಿನ ಗೇಟಿನಲ್ಲಿ ಮುಗಿಯಿತು. ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಡಾಕ್ಟರು ಮನೆಗೆ ಹೋಗಿಯಾಗಿತ್ತು. ನನಗೆ ಅಳು ಬಂತು. ಅವರು ಟ್ರಾಫಿಕ್ಕನ್ನು ಬೈದರು.

ತಮ್ಮನ್ನು ದೂರುವಷ್ಟು ದೊಡ್ಡವಳು ನಾನಲ್ಲ. ಮೊನ್ನೆ ತಾವು ಅದೇನೋ ಎಡವಟ್ಟಾಗಿ ನಿಲ್ದಾಣದ ಗೋಡೆಯೊಳಕ್ಕೇ ನುಗ್ಗಿ ಮಾಯವಾದಿರಿ. ನಮ್ಮವರೂ ವಿಮಾನದ ತುಂಬ ಪ್ರಯಾಣಿಕರ ಸಮೇತ ನಿಷ್ಠೆಯಿಂದ ಹಿಂಬಾಲಿಸಿ ಅದೇ ಗೋಡೆಗೆ ಗುದ್ದಿದರು. ತಮಗೆ ಬೀಳುವ ಬೈಗುಳವನ್ನು ಕಿವಿಯಾರೆ ಕೇಳೋಣವೆಂದು ಸೌಟು ಹಿಡಿದೇ ಓಡಿಬಂದೆ. “ಪಾಪ, ಅದರದ್ದೇನೂ ತಪ್ಪಿಲ್ಲ, ನಾನೇ ಸರಿಯಾಗಿ ನೋಡ್ಲಿಲ್ಲ” ಎಂದರು. ಮದುವೆಯಾದಂದಿನಿಂದ ಆ ಬಾಯಿಂದ ಇಂಥ ಮಾತು ಹೊರಟದ್ದು ಅದೇ ಮೊದಲು, ಅದೂ ಒಂದು ಚಿತ್ರದ ಕಾರಿಗಾಗಿ! ಹೊಟ್ಟೆ ಉರಿಯಿತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಆಪರೇಷನ್ನಿಗೆ ಈ ಗುರುವಾರ ಮತ್ತೆ ದಿನ ಕೊಟ್ಟಿದ್ದಾರೆ. ಅಂದು ಬೆಳಿಗ್ಗೆ ತಾವು ದಯಮಾಡಿ ಪರದೆಯಿಂದಿಳಿದು, ನಮ್ಮ ಗೇಟಿನಿಂದ ಆಸ್ಪತ್ರೆಯ ಬಾಗಿಲಿನವರೆಗೆ ನಮ್ಮ ಕಾರಿನ ಮುಂದೆ ನಡೆಯಬೇಕೆಂದು ಪ್ರಾರ್ಥನೆ. ದಾರಿಯಲ್ಲಿ ಗೋಡೆಗಳನ್ನು ಹೊಗದಿದ್ದರೆ ಇನ್ನೂ ಉಪಕಾರ. ಹಾಗೆಯೇ ಊಟವಾದ ಮೇಲೆ ನಮ್ಮವರನ್ನು ಎಂಜಲು ತಟ್ಟೆಯ ಸಮೇತ ಸಿಂಕಿನವರೆಗೆ ಕರೆತಂದರೆ, ತಮ್ಮ ನಾಲ್ಕೂ ಚಕ್ರಗಳಿಗೆ ಅಡ್ಡಬೀಳುತ್ತೇನೆ.

ತಮ್ಮ ವಿಶ್ವಾಸಿ,
ತಮ್ಮ ಹಿಂದೆ ಬರುವವರ ಹಿಂದೆ ಉಳಿದವಳು

ತಾ.ಕ.: ತಮ್ಮ ಉತ್ತರಕ್ಕೆ ಕಾದು ಕೂರುವಷ್ಟು ವ್ಯವಧಾನ ನನ್ನ ಕಣ್ಣಿಗಿಲ್ಲ. ಗುರುವಾರಕ್ಕೆ ಬಾಡಿಗೆ ಕಾರು ಹೇಳಿದ್ದೇನೆ; ಹಳದಿಯದೇ ಬೇಕು ಎಂದಿದ್ದೇನೆ. ಡ್ರೈವರಿನ ಪಕ್ಕದಲ್ಲಿ ನಾನೇ ಕೂತು, ಸೇತುವೆಯ ಬಳಿ ಬಲಕ್ಕೆ ಹೊರಳಿಸುತ್ತೇನೆ. ನಮ್ಮವರು ಬೇಕಾದರೆ ಮನೆಯ ಕಾರಿನಲ್ಲಿ ಹಿಂದೆ ಬರಲಿ. ಅಭ್ಯಾಸವಂತೂ ತಾವು ಮಾಡಿಸಿದ್ದೀರಿ.