ಹದಿನೇಳರ ಮೊಟ್ಟೆ

ಬೆಳಗಿನ ಐದು ಗಂಟೆ ಹನ್ನೆರಡು ನಿಮಿಷಕ್ಕೆ ಹದಿನೇಳು ಕೂಗಿತು.

ಹದಿನೇಳು ಒಂದು ಹೇಂಟೆ. ಕಾಲಿನ ಬಳೆಯ ಮೇಲಿದ್ದ ಸಂಖ್ಯೆಯೇ ಅದಕ್ಕೆ ಹೆಸರಾಗಿತ್ತು. ಹೇಂಟೆ ಕೂಗುವುದು ಅಪರೂಪ, ಆದರೆ ಅಸಾಧ್ಯವಲ್ಲ. ಗುಂಪಿನಿಂದ ಹುಂಜ ಹೊರಟುಹೋದರೆ ಜೋರಿನ ಹೇಂಟೆಯೊಂದು ಆ ಕೆಲಸವನ್ನೂ ತಾನೇ ಹೊತ್ತುಕೊಳ್ಳುವುದುಂಟು, ರಜೆ ಹಾಕಿದವನ ಪೀರಿಯಡ್ಡಿಗೂ ತಾನೇ ಹೋಗಿ ನಿಲ್ಲುವ ಅಧ್ಯಾಪಕನ ಹಾಗೆ. ಇದು ಮೇಷ್ಟ್ರಿಗೆ ಗೊತ್ತಿತ್ತು. ಇಪ್ಪತ್ತಾರು ವರ್ಷದಿಂದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದವರು. ಪಕ್ಕದ ಮನೆಯ ಸ್ಟೇಷನ್ ಮಾಸ್ಟರಿಗೆ ಗೊತ್ತಿರಲಿಲ್ಲ. ತೊಂದರೆ ಶುರುವಾದದ್ದು ಅಲ್ಲಿಂದ.

ಸ್ಟೇಷನ್ ಮಾಸ್ಟರು ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ರೈಲುಗಳು ಕೈಬಿಟ್ಟ ಮೇಲೆ ಅವರು ಬೀದಿಯ ಸದ್ದುಗಳಿಗೆ ವೇಳಾಪಟ್ಟಿ ಬರೆಯತೊಡಗಿದ್ದರು. ಜೊತೆಗೆ ಬಡಾವಣೆಯ ಸಂಘಕ್ಕೆ ಅಧ್ಯಕ್ಷರೂ ಆಗಿದ್ದರು. ಹೋದ ವಾರ ಅವರ ಒತ್ತಾಯಕ್ಕೇ ಸಂಘ ಠರಾವು ಮಾಡಿತ್ತು: ಮನೆಗೆ ನಾಲ್ಕು ಹೇಂಟೆ ಸಾಕಬಹುದು, ಹುಂಜ ಕೂಡದು. ಮೇಷ್ಟ್ರು ಮರುಮಾತಾಡದೆ ತಮ್ಮ ಹುಂಜವನ್ನು ಭಾಮೈದನ ತೋಟಕ್ಕೆ ಕಳಿಸಿಕೊಟ್ಟಿದ್ದರು.

ಆರು ಗಂಟೆಗೆ ಕಾಂಪೌಂಡ್ ಗೋಡೆಯ ಮೇಲೆ ಸ್ಟೇಷನ್ ಮಾಸ್ಟರ ತಲೆಯೂ ಅದರ ಪಕ್ಕದಲ್ಲಿ ಒಂದು ನೋಟ್‌ಬುಕ್ಕೂ ಕಾಣಿಸಿಕೊಂಡವು.

"ಐದು ಹನ್ನೆರಡಕ್ಕೆ ಒಂದು. ಐದು ಹದಿನೈದಕ್ಕೆ ಇನ್ನೊಂದು. ಆ ಹದಿನೇಳರ ಬಳೆ ಹಾಕಿರೋದೇ ಕೂಗಿದ್ದು, ಕಣ್ಣಾರೆ ನೋಡಿದ್ದೀನಿ."

"ಅದು ಹೇಂಟೆ, ಸಾರ್."

"ಹೇಂಟೆ ಕೂಗುತ್ತೇನ್ರೀ? ಮೂವತ್ತೆಂಟು ವರ್ಷದ ಸರ್ವೀಸಲ್ಲಿ ಗೂಡ್ಸ್ ಗಾಡಿ ಎಕ್ಸ್‌ಪ್ರೆಸ್ ಥರ ಓಡಿದ್ದು ನಾನು ಕಂಡಿಲ್ಲ. ಸಂಜೆ ಐದರೊಳಗೆ ಆ ಹುಂಜ ಬಡಾವಣೆ ಬಿಡಬೇಕು."

ಬೇರೆ ದಿನವಾಗಿದ್ದರೆ ಮೇಷ್ಟ್ರು ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಅವತ್ತು ನಾಲ್ಕು ಗಂಟೆಗೆ ತಳಿ ಸಂಘದ ಪರೀಕ್ಷಕರು ಬರುವವರಿದ್ದರು.

ಹದಿನೇಳರದು ಕಪ್ಪು ಕೋಳಿಯ ಒಂದು ಹಳೆಯ ತಳಿ, ಶುದ್ಧವಾಗಿ ಉಳಿದಿರುವುದು ಕೆಲವೇ ಮನೆಗಳಲ್ಲಿ. ತಲೆಯ ಮೇಲಿನ ಕೆಂಪು ಜುಟ್ಟಿಗೆ ಗರಗಸದ ಹಾಗೆ ಸರಿಯಾಗಿ ಐದು ಹಲ್ಲಿರಬೇಕು. ಕಿವಿಹಾಲೆ ಸುಣ್ಣ ಬಳಿದಷ್ಟು ಬೆಳ್ಳಗಿರಬೇಕು. ಕಾಲು ಸ್ಲೇಟಿನ ಬಣ್ಣ. ಮೈಯಲ್ಲೆಲ್ಲೂ ಒಂದು ಬಿಳಿ ಗರಿ ಇರಕೂಡದು. ಮೇಷ್ಟ್ರು ಏಳು ವರ್ಷದಲ್ಲಿ ಆರು ತಲೆಮಾರು ಮರಿ ಮಾಡಿಸಿದ್ದರು. ಜುಟ್ಟಿಗೆ ಆರನೆಯ ಹಲ್ಲು ಮೂಡಿತೆಂದು, ಕಿವಿಹಾಲೆಯಲ್ಲಿ ಸಾಸಿವೆಯಷ್ಟು ಕೆಂಪು ಕಂಡಿತೆಂದು ನೂರಾರು ಮರಿಗಳನ್ನು ಕಂಡಕಂಡವರಿಗೆ ಕೊಟ್ಟಿದ್ದರು. ಕೊನೆಗೆ ಒಂದೂ ಕೊರತೆಯಿಲ್ಲದೆ ನಿಂತದ್ದು ಹದಿನೇಳು. ಪರೀಕ್ಷಕರು ಸಹಿ ಹಾಕಿದರೆ ಅದರ ವಂಶ ತಳಿಪುಸ್ತಕಕ್ಕೆ ಸೇರುತ್ತಿತ್ತು. ಅವರು ಬರುವುದು ಮೂರು ವರ್ಷಕ್ಕೊಮ್ಮೆ. ಇನ್ನೊಂದು ಸಲ ಬರುವ ಹೊತ್ತಿಗೆ ಹದಿನೇಳು ಮೊಟ್ಟೆ ನಿಲ್ಲಿಸಿದ ಮುದಿ ಕೋಳಿಯಾಗಿರುತ್ತಿತ್ತು.

ಮೇಷ್ಟ್ರು ಕಾಲೇಜಿಗೆ ರಜೆ ಹೇಳಿ, ಭೂತಗನ್ನಡಿ ತಂದು, ಹದಿನೇಳನ್ನು ಕಂಕುಳಲ್ಲಿ ಇಟ್ಟುಕೊಂಡು ಗೋಡೆಯ ಬಳಿ ನಿಂತರು.

"ಕುತ್ತಿಗೆ ಗರಿ ನೋಡಿ. ಹುಂಜಕ್ಕಾದ್ರೆ ತುದಿ ಚೂಪು. ಇದಕ್ಕೆ ದುಂಡಗಿದೆ. ಜುಟ್ಟು ನೋಡಿ, ಒಂದು ಕಡೆ ವಾಲಿದೆ. ಈ ತಳೀಲಿ ಹುಂಜದ ಜುಟ್ಟು ನೆಟ್ಟಗೆ ನಿಲ್ಲುತ್ತೆ."

ಸ್ಟೇಷನ್ ಮಾಸ್ಟರು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. "ಈಗ ತಾನೇ ಎದ್ದಿದೆ. ನಿದ್ದೆಗಣ್ಣಲ್ಲಿ ವಾಲಿರಬಹುದು."

ಎದುರುಮನೆಯ ಟೈಲರಮ್ಮ ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ಬಂದಳು. "ಅಣ್ಣಾ, ಕತ್ತಿನ ಹತ್ರ ದುಂಡಗಿದೆ ಅಂದಮಾತ್ರಕ್ಕೆ ಹೆಂಗಸರದ್ದು ಅಂತ ಹೇಳೋಕಾಗುತ್ತಾ? ಗಂಡಸರ ಜುಬ್ಬಕ್ಕೂ ದುಂಡಗೆ ಹೊಲಿದು ಕೊಡ್ತೀನಿ ನಾನು."

ಮೇಷ್ಟ್ರು ಒಳಗೆ ಹೋಗಿ ಕಾವುಪೆಟ್ಟಿಗೆಯಿಂದ ಮೊಟ್ಟೆಯೊಂದನ್ನು ತಂದರು. ಬೆಳ್ಳನೆಯ ಚಿಪ್ಪಿನ ಮೇಲೆ ಪೆನ್ಸಿಲ್ಲಿನಲ್ಲಿ ಹದಿನೇಳು ಎಂದು ಬರೆದು ತಾರೀಖು ಹಾಕಿತ್ತು. ನಾಲ್ಕು ಕೋಳಿಗಳ ಒಂದೊಂದು ಮೊಟ್ಟೆಗೂ ಹೀಗೆ ಗುರುತು ಹಾಕಿ ಅವರು ಕಾವಿಗಿಡುತ್ತಿದ್ದರು. ಒಂದನ್ನೂ ಅಡಿಗೆಮನೆಗೆ ಬಿಡುತ್ತಿರಲಿಲ್ಲ. ಕೋಳಿ ಸಾಕಿದ ಮನೆಗೆ ಮೊಟ್ಟೆಯನ್ನು ಅಂಗಡಿಯಿಂದ ತರುವ ಬಡಾವಣೆಯ ಏಕೈಕ ಗೃಹಿಣಿ ತಾನೆಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು.

"ಇದು ಅದರದೇ ಮೊಟ್ಟೆ," ಎಂದರು ಮೇಷ್ಟ್ರು.

"ಇದು ನಿಮ್ಮದೇ ಕೈಬರಹ," ಎಂದರು ಸ್ಟೇಷನ್ ಮಾಸ್ಟರು. "ಹಾಗೆ ಬರೆಯೋದಾದ್ರೆ ಆಲೂಗಡ್ಡೆ ಮೇಲೆ ನಾನೂ ಬರೀತೀನಿ."

"ಮತ್ತೇನು ಮಾಡ್ಲಿ ಹೇಳಿ."

"ನಮ್ಮ ಕಣ್ಣೆದುರಿಗೆ ಮೊಟ್ಟೆ ಇಡಿಸಿ. ಮೊಟ್ಟೆ ಬಂದ್ರೆ ಹೇಂಟೆ. ಐದು ಗಂಟೆಗೆ ಬರದಿದ್ರೆ ಹುಂಜ. ಇದರಲ್ಲಿ ವಾದವೇ ಇಲ್ಲ."

ಹತ್ತು ಗಂಟೆಗೆ ಮೇಷ್ಟ್ರ ಹಿತ್ತಿಲಿಗೆ ಕುರ್ಚಿಗಳು ಬಂದವು. ಹನ್ನೊಂದಕ್ಕೆ ಐದು ಜನ, ಹನ್ನೆರಡಕ್ಕೆ ಒಂಬತ್ತು. ಮೊಟ್ಟೆಯಿಡುವ ಪೆಟ್ಟಿಗೆಯ ಬಾಯಿಗೆ ಎಲ್ಲರೂ ಮುಖ ಮಾಡಿ ಕೂತರು. ಆ ಪೆಟ್ಟಿಗೆ ಅಡಿಗೆಮನೆಯ ಗೋಡೆಗೆ ಒತ್ತಿಕೊಂಡಿತ್ತು. ಮೊಟ್ಟೆ ತೆಗೆಯಲು ಹಿಂದುಗಡೆ ಒಂದು ಪುಟ್ಟ ಬಾಗಿಲಿದ್ದು, ಅದು ಒಳಗಿನ ಪಾತ್ರೆ ತೊಳೆಯುವ ಜಾಗಕ್ಕೆ ತೆರೆಯುತ್ತಿತ್ತು.

ಒಂಬತ್ತು ಜೊತೆ ಕಣ್ಣು ನೆಟ್ಟಿರುವಾಗ ಮೊಟ್ಟೆಯಿಡುವುದು ಯಾವ ಮಾನವಂತ ಕೋಳಿಗೂ ಆಗದ ಕೆಲಸ. ಹದಿನೇಳು ಪೆಟ್ಟಿಗೆಯೊಳಗೆ ಹೋಗುವುದು, ಹುಲ್ಲು ಕೆದಕುವುದು, ಸಭೆಯ ಕಡೆ ಒಮ್ಮೆ ನೋಡುವುದು, ಹೊರಗೆ ಬರುವುದು. ಕುರ್ಚಿಗಳಿಂದ ಸಲಹೆಗಳು ಬಂದವು. ಕತ್ತಲೆ ಮಾಡಿ. ಜೋಳ ಹಾಕಿ. ಟೈಲರಮ್ಮ, "ಎಲ್ಲರೂ ಆ ಕಡೆ ತಿರುಗಿ ಕೂತ್ಕೊಳ್ಳಿ, ಪಾಪ ಅದಕ್ಕೂ ನಾಚಿಕೆ ಅಂತ ಇರಲ್ವಾ," ಎಂದಳು. ಎಲ್ಲರೂ ತಿರುಗಿದರು. ಸ್ಟೇಷನ್ ಮಾಸ್ಟರು ಮಾತ್ರ, ಮೇಷ್ಟ್ರು ಜೇಬಿನಿಂದ ಮೊಟ್ಟೆ ಹಾಕಬಹುದೆಂದು, ತಿರುಗದೆ ಉಳಿದರು.

ಹೆಂಡತಿ ನಾಲ್ಕನೆಯ ಸಲ ಟೀ ತಂದಿಟ್ಟು, "ಸಕ್ಕರೆ ಮುಗೀತು," ಎಂದು ಮೇಷ್ಟ್ರ ಕಿವಿಯಲ್ಲಿ ಹೇಳಿ ಒಳಗೆ ಹೋದಳು.

ಹೊತ್ತು ಹೋಗಬೇಕಲ್ಲ ಎಂದು ಮೇಷ್ಟ್ರು ತಳಿಯ ಲಕ್ಷಣಗಳನ್ನು ವಿವರಿಸತೊಡಗಿದರು. ಕಿವಿಹಾಲೆಗೂ ಮೊಟ್ಟೆಗೂ ಇರುವ ನಂಟನ್ನು ಹೇಳಿದರು. ಇಂಥ ಹಳೆಯ ತಳಿಗಳಲ್ಲಿ ಹಾಲೆ ಬಿಳಿಯಿದ್ದರೆ ಮೊಟ್ಟೆ ಬಿಳಿ, ಹಾಲೆ ಕೆಂಪಿದ್ದರೆ ಸಾಮಾನ್ಯವಾಗಿ ಕಂದು. ಬಿಳಿ ಹಾಲೆಯ ಕೋಳಿ ಕಂದು ಮೊಟ್ಟೆಯಿಟ್ಟರೆ ವಂಶದೊಳಗೆ ಎಲ್ಲೋ ಹೊರಗಿನ ರಕ್ತ ನುಗ್ಗಿದೆಯೆಂದೇ ಲೆಕ್ಕ. ಸ್ಟೇಷನ್ ಮಾಸ್ಟರು ಪ್ರಶ್ನೆ ಕೇಳಿದರು, ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹಿಂದಿನ ಕುರ್ಚಿಯವನೊಬ್ಬ "ಇನ್ನೊಂದು ಸಲ ಹೇಳಿ" ಎಂದ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಯಾರೂ ಮೇಷ್ಟ್ರಿಗೆ ಇನ್ನೊಂದು ಸಲ ಹೇಳಿ ಎಂದಿರಲಿಲ್ಲ. ದಣಿದಿದ್ದರೂ ಅವರು ಸಂತೋಷದಿಂದಲೇ ಇನ್ನೊಂದು ಸಲ ಹೇಳಿದರು.

ಮೂರು ಗಂಟೆಗೆ ಹದಿನೇಳು ನೀರಿನ ಡ್ರಮ್ಮಿನ ಮೇಲೆ ಹಾರಿ, ಕತ್ತು ಚಾಚಿ, ಸಭೆಯನ್ನುದ್ದೇಶಿಸಿ ಕೂಗಿತು.

"ಇನ್ನೇನು ಬೇಕ್ರೀ?" ಎಂದರು ಸ್ಟೇಷನ್ ಮಾಸ್ಟರು. "ಅದೇ ಒಪ್ಪಿಕೊಳ್ತಾ ಇದೆ."

ನಾಲ್ಕಕ್ಕೆ ಪರೀಕ್ಷಕರು ಬಂದರು. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಕುರ್ಚಿಗಳನ್ನು ಕಂಡು, "ಯಾರಿಗಾದರೂ ಏನಾದರೂ ಆಯಿತೇ?" ಎಂದು ಮೆಲ್ಲನೆ ಕೇಳಿದರು. ಏನೂ ಆಗಿಲ್ಲವೆಂದು ತಿಳಿದ ಮೇಲೆ ಹದಿನೇಳನ್ನು ಮಡಿಲಿಗೆ ತೆಗೆದುಕೊಂಡರು. ಜುಟ್ಟಿನ ಹಲ್ಲು ಎಣಿಸಿದರು. ರೆಕ್ಕೆ ಬಿಡಿಸಿ ಗರಿಗಳ ಬುಡ ನೋಡಿದರು. ಕಿವಿಹಾಲೆಯ ಮುಂದೆ ಬಿಳಿ ಕಾಗದ ಹಿಡಿದರು. ಅರ್ಧ ಗಂಟೆ ಕಳೆದ ಮೇಲೆ, "ನೂರಕ್ಕೆ ತೊಂಬತ್ತಾರು. ಹತ್ತು ವರ್ಷದಿಂದ ಇಂಥದು ನೋಡಿರಲಿಲ್ಲ," ಎಂದರು. ಮೇಷ್ಟ್ರು ಕುರ್ಚಿಗಳ ಕಡೆ ಕೈ ತೋರಿಸಿದರು.

"ಸಾರ್, ಇದು ಹೇಂಟೇನೇ ಅಂತ ಇವರಿಗೆ ಒಂದು ಮಾತು ಹೇಳಿಬಿಡಿ."

"ಹೇಂಟೆಯೇ. ಅನುಮಾನವೇ ಇಲ್ಲ."

"ನೀವು ಅವರು ಕರೆಸಿದವರು," ಎಂದರು ಸ್ಟೇಷನ್ ಮಾಸ್ಟರು. "ಗಂಡಿನ ಕಡೆಯವರು ಗಂಡು ಒಳ್ಳೆಯವನು ಅಂದ ಹಾಗೆ. ನಮಗೆ ಮೊಟ್ಟೆ ಬೇಕು."

ಪರೀಕ್ಷಕರು ಗಡಿಯಾರ ನೋಡಿ, ಇಪ್ಪತ್ತು ನಿಮಿಷ ಕೂರಬಹುದೆಂದರು. "ಬಂದರೆ ನನಗೂ ಒಳ್ಳೆಯದೇ. ಮೊಟ್ಟೆಯ ಬಣ್ಣ ಅಂತ ಒಂದು ಕಾಲಮ್ಮಿದೆ, ಕಣ್ಣಾರೆ ನೋಡಿ ತುಂಬುತ್ತೇನೆ."

ಹೆಂಡತಿ ಖಾಲಿ ಲೋಟಗಳನ್ನು ಎತ್ತಿಕೊಂಡು, ಗಂಡನ ಮುಖವನ್ನೊಮ್ಮೆ ನೋಡಿ, ಒಳಗೆ ಹೋದಳು.

ಐದಕ್ಕೆ ಹತ್ತು ನಿಮಿಷವಿತ್ತು. ಹದಿನೇಳು ಪೆಟ್ಟಿಗೆಯೊಳಗೆ ಹೋಗಿ ಕೂತಿತು. ಇದ್ದಕ್ಕಿದ್ದಂತೆ ಅದು ಕಿರುಚಿಕೊಂಡು, ಹುಲ್ಲು ಹಾರಿಸಿ, ಯಾರೋ ಕೆಳಗಿನಿಂದ ತಿವಿದಂತೆ ಹೊರಗೆ ಜಿಗಿಯಿತು. ಕುರ್ಚಿಗಳು ಉರುಳಿದವು. ಸ್ಟೇಷನ್ ಮಾಸ್ಟರು ಎಲ್ಲರಿಗಿಂತ ಮುಂದೆ ಓಡಿ ಪೆಟ್ಟಿಗೆಗೆ ಕೈಹಾಕಿದರು.

"ಮೊಟ್ಟೆ," ಎಂದರು. "ಇನ್ನೂ ಬೆಚ್ಚಗಿದೆ. ಮೇಷ್ಟ್ರೇ, ಕ್ಷಮಿಸಬೇಕು. ಹೇಂಟೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಟೇಷನ್ ಮಾಸ್ಟರು ಮೊಟ್ಟೆಯನ್ನು ಬೆಳಕಿಗೆ ಎತ್ತಿ ಹಿಡಿದರು. ಆಮೇಲೆ ನೋಟ್‌ಬುಕ್ ತೆರೆದರು. ಒಂದು ಪುಟ ಹಿಂದಕ್ಕೆ ತಿರುವಿದರು.

"ಕಂದು," ಎಂದರು.

ಚಪ್ಪಾಳೆ ನಿಂತಿತು.

"ಬಿಳಿ ಹಾಲೆ, ಕಂದು ಮೊಟ್ಟೆ," ಎಂದ ಹಿಂದಿನ ಕುರ್ಚಿಯವನು.

"ಹೊರಗಿನ ರಕ್ತ," ಎಂದಳು ಟೈಲರಮ್ಮ, ಸಂತಾಪದಿಂದ.

ಪರೀಕ್ಷಕರು ಮೊಟ್ಟೆಯನ್ನು ತೆಗೆದುಕೊಂಡು ಸುತ್ತಲೂ ತಿರುಗಿಸಿ ನೋಡಿದರು. "ನಿಮ್ಮ ನೆರೆಯವರು ಬಹಳ ತಿಳಿದವರು," ಎಂದು ಮೇಷ್ಟ್ರಿಗೆ ಹೇಳಿದರು.

ಮೇಷ್ಟ್ರು ಅಡಿಗೆಮನೆಯ ಕಿಟಕಿಯ ಕಡೆ ನೋಡಿದರು. ಹೆಂಡತಿ ಸರಳುಗಳ ಹಿಂದೆ ನಿಂತು, ಒದ್ದೆ ಕೈಯನ್ನು ಸೆರಗಿಗೆ ಒರಸಿಕೊಳ್ಳುತ್ತ, ಮದುವೆಯಾದ ಹೊಸತರಲ್ಲಿ ನಕ್ಕಂತೆ ಅವರನ್ನು ನೋಡಿ ನಕ್ಕಳು. ಅವರಿಗೆ ಎಲ್ಲವೂ ಅರ್ಥವಾಯಿತು.

ಬಾಯಿ ತೆರೆದರು. ಈ ಮೊಟ್ಟೆ ಅಂಗಡಿಯದು ಎಂದರೆ ತಳಿ ಶುದ್ಧವಾಗುತ್ತಿತ್ತು. ಆದರೆ ಗಡಿಯಾರದಲ್ಲಿ ಐದಕ್ಕೆ ಮೂರು ನಿಮಿಷವಿತ್ತು. ಮೊಟ್ಟೆ ಸುಳ್ಳಾದರೆ ಹದಿನೇಳು ಮತ್ತೆ ಹುಂಜವಾಗುತ್ತಿತ್ತು, ಹೆಂಡತಿ ಒಂಬತ್ತು ಜನರೆದುರು ಕಳ್ಳಿಯಾಗುತ್ತಿದ್ದಳು. ಒಂದು ಕಡೆ ಸ್ಟೇಷನ್ ಮಾಸ್ಟರ ಪೆನ್ನು, ಇನ್ನೊಂದು ಕಡೆ ಪರೀಕ್ಷಕರ ಪೆನ್ನು, ಎರಡೂ ಅವರ ಮಾತಿಗಾಗಿ ಕಾದಿದ್ದವು.

ಮೇಷ್ಟ್ರು ಬಾಯಿ ಮುಚ್ಚಿಕೊಂಡರು.

ಪರೀಕ್ಷಕರು 'ಮಿಶ್ರ ತಳಿ' ಎಂದು ಬರೆದು, ಮೂರು ವರ್ಷದ ಮೇಲೆ ನೋಡೋಣವೆಂದು ಹೊರಟರು. ಸ್ಟೇಷನ್ ಮಾಸ್ಟರು 'ಹೇಂಟೆ' ಎಂದು ಬರೆದು, ಮೊಟ್ಟೆಯನ್ನು ಸಂಘದ ದಾಖಲೆಗೆಂದು ಕರವಸ್ತ್ರದಲ್ಲಿ ಸುತ್ತಿ ಒಯ್ದರು. ಕುರ್ಚಿಗಳು ತಮ್ಮ ತಮ್ಮ ಮನೆಗೆ ಹೋದವು.

"ಬಿಸಿನೀರಲ್ಲಿ ಹತ್ತು ನಿಮಿಷ ಇಟ್ಟಿದ್ದೆ ರೀ, ಬೆಚ್ಚಗಿರ್ಲಿ ಅಂತ," ಎಂದಳು ಹೆಂಡತಿ. "ನಿಮ್ಮ ಕೋಳಿ ಉಳೀತಲ್ಲ. ಆ ಪರೀಕ್ಷೆಯವರು ಯಾಕೆ ಸಪ್ಪಗೆ ಹೋದ್ರು?"

"ಬಣ್ಣ ಸರಿ ಇರಲಿಲ್ಲವಂತೆ."

"ಮೊಟ್ಟೆಗೆ ಎಂಥ ಬಣ್ಣ? ಹೇಳೋರಿಗೆ ಕೆಲಸ ಇಲ್ಲ."

ಕಿವಿಹಾಲೆಯ ವಿಷಯವನ್ನು ಮೇಷ್ಟ್ರು ಏಳು ವರ್ಷದಿಂದ ಊಟದ ಹೊತ್ತಿನಲ್ಲಿ ಅವಳಿಗೆ ಹೇಳುತ್ತ ಬಂದಿದ್ದರು. ಪ್ರತಿ ಸಲವೂ ಅವಳು ಹೂಂ ಎಂದಿದ್ದಳು. ಈಗ ಇನ್ನೊಂದು ಸಲ ಹೇಳಲು ಅವರಿಗೆ ತ್ರಾಣವಿರಲಿಲ್ಲ.

ಆರು ಗಂಟೆಗೆ, ಹಿತ್ತಿಲು ಖಾಲಿಯಾದ ಮೇಲೆ, ಹದಿನೇಳು ಸದ್ದಿಲ್ಲದೆ ಪೆಟ್ಟಿಗೆಗೆ ಹೋಗಿ ಒಂದು ಮೊಟ್ಟೆಯಿಟ್ಟಿತು. ಸುಣ್ಣದಷ್ಟು ಬಿಳಿ. ಮೇಷ್ಟ್ರು ಜೇಬಿನಿಂದ ಪೆನ್ಸಿಲ್ ತೆಗೆದರು, ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತರು, ಮತ್ತೆ ಜೇಬಿಗೆ ಹಾಕಿಕೊಂಡರು. ಫ್ರಿಜ್ಜಿನಲ್ಲಿ ಅಂಗಡಿಯ ಹನ್ನೊಂದು ಕಂದು ಮೊಟ್ಟೆಗಳ ನಡುವೆ ಒಂದು ಗುಳಿ ಖಾಲಿ ಇತ್ತು. ಅದರಲ್ಲಿಟ್ಟು ಬಾಗಿಲು ಮುಚ್ಚಿದರು.

ಮರುದಿನ ಬೆಳಿಗ್ಗೆ ಹೆಂಡತಿ ಆಮ್ಲೆಟ್ ತಂದು ಮುಂದಿಟ್ಟಳು.

"ಅಂಗಡಿಯವನು ಒಂದು ಬಿಳೀದು ಸೇರಿಸಿಬಿಟ್ಟಿದ್ದಾನೆ, ನೋಡೇ ಇರಲಿಲ್ಲ. ಕೆಟ್ಟದ್ದಿರಬಹುದು ಅಂತ ಅದನ್ನೇ ಮೊದಲು ಒಡೆದೆ. ಚೆನ್ನಾಗೇ ಇತ್ತು. ಉಪ್ಪು ಸರಿ ಇದೆಯಾ?"

"ಸರಿ ಇದೆ," ಎಂದರು ಮೇಷ್ಟ್ರು, ತಿನ್ನುತ್ತ.

ಗೋಡೆಯ ಮೇಲೆ ತಲೆಯೂ ನೋಟ್‌ಬುಕ್ಕೂ ಕಾಣಿಸಿಕೊಂಡವು.

"ಮೇಷ್ಟ್ರೇ, ನಿಮ್ಮ ಹೇಂಟೆ ಇವತ್ತು ಕೂಗಿದ್ದು ಐದು ಹದಿನಾಲ್ಕಕ್ಕೆ. ಎರಡು ನಿಮಿಷ ಲೇಟು. ಸ್ವಲ್ಪ ನೋಡಿ."